ಗೆರೆಯಿಲ್ಲದ ಬಾಸ್ ಗಿಟಾರ್

ಗಂಡ ತೀರಿಕೊಂಡ ಮೇಲೆ ಅವರ ಬಾಸ್ ಗಿಟಾರನ್ನು ಮಾರಲು ಹೊರಟೆ. ಅದರ ಕುತ್ತಿಗೆಯ ಮೇಲೆ ಲೋಹದ ಪಟ್ಟಿಗಳಿಲ್ಲ, ಬೆರಳಿಡುವ ಜಾಗ ತೋರಿಸುವ ಗೆರೆಗಳೂ ಇಲ್ಲ. ಸ್ವರವನ್ನು ಕಿವಿಯಿಂದಲೇ ಹುಡುಕಬೇಕು. ನುಡಿಸಬಲ್ಲವರ ಕೈಗೆ ಸೇರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಮೂಡುಬಿದಿರೆಯಿಂದ ಮದುವೆ ಆರ್ಕೆಸ್ಟ್ರಾದ ಯಜಮಾನರೊಬ್ಬರು ಮಡಂತ್ಯಾರಿನ ನಮ್ಮ ಮನೆಗೆ ಬಂದು ನುಡಿಸಿ ನೋಡಿದರು. ಒಂದು ಸ್ವರವೂ ಸರಿಯಾಗಿ ಬರಲಿಲ್ಲ.

"ಟೀಚರೇ, ಇದರಲ್ಲಿ ಏನೋ ದೋಷ ಉಂಟು."

"ನಮ್ಮವರು ನುಡಿಸುವಾಗ ಇರಲಿಲ್ಲ."

"ಪರವಾಗಿಲ್ಲ, ಗೆರೆ ಹಾಕುವ. ನೀವು ಲೆಕ್ಕದ ಟೀಚರಲ್ವಾ? ಸ್ಕೇಲ್ ಇಟ್ಟು ಎಳೆದು ಕೊಡಿ, ಈಗಲೇ ತಗೊಂಡು ಹೋಗ್ತೇನೆ."

"ಗೆರೆ ಇರುವುದೇ ಅಂಗಡಿಯಲ್ಲಿ ಸಿಗ್ತದಲ್ಲ?"

"ಅದು ಎಲ್ಲರ ಹತ್ತಿರವೂ ಉಂಟು ಮಾರಾಯ್ರೆ. ಇದನ್ನು ಹಿಡಿದು ಸ್ಟೇಜಿನಲ್ಲಿ ನಿಂತರೆ ಅದರ ಗತ್ತೇ ಬೇರೆ. ಗೆರೆ ನನಗೆ ಮಾತ್ರ ಕಂಡರೆ ಸಾಕು, ಜನರಿಗೆ ಕಾಣಬಾರದು."

"ಅದಕ್ಕೆ ನಮ್ಮ ಶಾಲೆಯಲ್ಲಿ ಕಾಪಿ ಹೊಡೆಯುವುದು ಅಂತ ಹೇಳ್ತೇವೆ," ಎಂದು ಗಿಟಾರನ್ನು ಅವರ ಮಡಿಲಿನಿಂದ ತೆಗೆದುಕೊಂಡೆ.

"ನಿಮಗೆ ಮಾರುವ ಮನಸ್ಸೇ ಇಲ್ಲ," ಎಂದು ಅವರು ಎದ್ದು ಹೋದರು.

ಮುಂದಿನ ವಾರ ನಮ್ಮ ಶಾಲೆಯ ಗಾಯನ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದವರು ಅವರೇ. ಶ್ರುತಿ ತಪ್ಪಿತೆಂದು ಮಕ್ಕಳ ಅಂಕವನ್ನು ಧಾರಾಳವಾಗಿ ಕಳೆದರು. ಹಾರ ಹಾಕಿ ಧನ್ಯವಾದ ಹೇಳುವ ಕೆಲಸ ನನ್ನದಾಗಿತ್ತು.