ನಮ್ಮ ಮನೆಯ ನಾಷ್ಟಿಕ

ಈ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಎಣ್ಣೆಗೆ ಬಿದ್ದ ಘಾಟು ಪಡಸಾಲೆಯವರೆಗೆ ಬಂತು. ಮೊದಲು ಸೀನು ಬಂತು, ಆಮೇಲೆ ಕಣ್ಣಲ್ಲಿ ನೀರು, ಅದರ ಹಿಂದೆಯೇ ಅಮ್ಮನ ನೆನಪು. ನೀವು ನಮ್ಮ ಹಾಗೆ ಆಂಧ್ರದ ಗಡಿಯ ಆದೋನಿ ಕಡೆಯವರಲ್ಲದಿದ್ದರೆ ಉಗ್ಗಾಣಿಯ ಬಗ್ಗೆ ಎರಡು ಮಾತು ಹೇಳಬೇಕು. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ ಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಪುಟಾಣಿ ಅಂದರೆ ಹುರಿಗಡಲೆಯ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಉಗ್ಗಾಣಿ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಬಳ್ಳಾರಿಯವರು ಇದನ್ನೇ ಒಗ್ಗರಣಿ ಎಂದು ಕರೆದು ತಮ್ಮದು ಎನ್ನುತ್ತಾರೆ. ಆ ಜಗಳ ಇವತ್ತು ಬೇಡ.

ನಮ್ಮ ಮನೆಯಲ್ಲಿ ಭಾನುವಾರ ಉಗ್ಗಾಣಿಯೇ ಆಗಬೇಕು, ಏಕೆಂದರೆ ಬೇಗ ಆಗುತ್ತದೆ ಮತ್ತು ಒಂಬತ್ತೂವರೆಗೆ ಚರ್ಚಿನಲ್ಲಿರಬೇಕು. ನಾವು ಅಜ್ಜನ ಕಾಲದಿಂದ ಕ್ರೈಸ್ತರು. ಮಾತು, ಜಗಳ ಎಲ್ಲ ಕನ್ನಡದಲ್ಲಿ. ಬೈಬಲಿನ ವಾಕ್ಯ ಓದುವುದು, ಹಾಡುವುದು ತೆಲುಗಿನಲ್ಲಿ. ಅಮ್ಮನ ಪ್ರಾರ್ಥನೆ ಮಾತ್ರ ಎರಡೂ ಸೇರಿದ್ದು. ತೆಲುಗಿನಲ್ಲಿ ಗೌರವದಿಂದ ಶುರುವಾಗಿ, ಬೇಡಿಕೆ ಜೋರಾಗುತ್ತಿದ್ದಂತೆ ಕನ್ನಡಕ್ಕೆ ಹೊರಳುತ್ತಿತ್ತು. ದೇವರಿಗೆ ಎರಡೂ ಬರುತ್ತವೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಭಾನುವಾರದ ಈ ನಾಷ್ಟಾಕ್ಕೆ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಒಬ್ಬ ಕಾಯಂ ಅತಿಥಿಯಿದ್ದಾನೆ. ಹೆಸರು ಗುರುರಾಜ. ಮಂತ್ರಾಲಯದ ವೈಷ್ಣವರ ಮನೆಯವನು, ತಂದೆ ಅಲ್ಲಿ ಶಾಸ್ತ್ರಪಾಠ ಹೇಳುತ್ತಿದ್ದವರು. ಆ ಊರಿನ ಬೀದಿಯಲ್ಲಿ ನಿಂತು ಗುರುರಾಜ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ಹಾಗೆ ತಿರುಗಿದವರಲ್ಲಿ ದೇವರನ್ನು ನಂಬದವನು ಬಹುಶಃ ಇವನೊಬ್ಬನೇ. ನಾನು ಡ್ರಾಯಿಂಗ್ ಮಾಸ್ತರನಾಗಿದ್ದ ಶಾಲೆಗೆ ಲೆಕ್ಕದ ಮಾಸ್ತರನಾಗಿ ಬಂದ, ನಮ್ಮ ಓಣಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದ. ಒಂದು ಭಾನುವಾರ ಬೆಳಿಗ್ಗೆ, ನನ್ನಿಂದ ಒಯ್ದಿದ್ದ ಸೈಕಲ್ ಪಂಪು ವಾಪಸ್ ಕೊಡಲು ಬಾಗಿಲಿಗೆ ಬಂದು ನಿಂತ.

ನಾನು ಅವಸರವಾಗಿ ಅಡುಗೆಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿದೆ. "ಅಮ್ಮಾ, ನಮ್ಮ ಸಾಲಿ ಮಾಸ್ತರ ಬಂದಾನ. ಚರ್ಚು, ದೇವರು ಅಂತ ಏನೂ ಕೇಳಬ್ಯಾಡ. ಅಂವ ನಾಸ್ತಿಕ ಅದಾನ."

"ನಾಷ್ಟಿಕನಾ?" ಅಂದಳು ಅಮ್ಮ, ಬಜ್ಜಿ ಹಿಟ್ಟು ಕಲಸುತ್ತಾ. "ಹಂಗಾರ ಕೂಡಸು ಮತ್ತ. ಮಿರ್ಚಿ ಈಗ ಎಣ್ಣಿಗೆ ಬಿಡಾಕತ್ತೀನಿ."

ನಮ್ಮೂರಲ್ಲಿ ಬೆಳಗಿನ ತಿಂಡಿಗೆ ಎಲ್ಲರೂ ನಾಷ್ಟಾ ಎನ್ನುತ್ತಾರೆ, ಮುಸಲ್ಮಾನರ ಬೀದಿಯಿಂದ ಎಲ್ಲರ ಮನೆಗೂ ಬಂದ ಮಾತು ಅದು. ನಾಷ್ಟಾದ ಮೇಲೆ ಬಹಳ ಆಸೆಯಿರುವವನು ನಾಷ್ಟಿಕ ಎಂದು ಅಮ್ಮ ಅರ್ಥಮಾಡಿಕೊಂಡಿದ್ದಳು. ತಿದ್ದೋಣವೆಂದರೆ ಅಷ್ಟರಲ್ಲಿ ತಟ್ಟೆ ತಯಾರಾಗಿತ್ತು. ಗುರುರಾಜ ಮೂರು ಬಜ್ಜಿ ತಿಂದು, ನಾಲ್ಕನೆಯದಕ್ಕೆ ಬೇಡ ಬೇಡ ಎನ್ನುತ್ತಲೇ ತಟ್ಟೆ ಮುಂದೆ ಮಾಡಿ, ಅಮ್ಮನ ತಿಳಿವಳಿಕೆ ಪೂರ್ತಿ ತಪ್ಪೇನಲ್ಲ ಎಂದು ತೋರಿಸಿದ. ಮುಂದಿನ ವಾರದಿಂದ ಏಳೂವರೆ ಆದರೆ ಸಾಕು, "ನಾಷ್ಟಿಕ ಇನ್ನಾ ಬಂದಿಲ್ಲೇನು?" ಎಂದು ಅವಳು ಬಾಗಿಲು ನೋಡುವಳು.

ಎರಡು ಮೂರು ವಾರ ಕಳೆದ ಮೇಲೆ ಅಮ್ಮ ಹೊಸ ಬಾಣಲಿ ತಂದಳು. ಅದರಲ್ಲಿ ಎಂದೂ ಮಾಂಸ ಬೇಯಿಸಲಿಲ್ಲ, ಭಾನುವಾರಕ್ಕೆಂದೇ ಮೀಸಲು. ಗುರುರಾಜನಿಗೆ ಇದು ತಿಳಿದು ಬೇಸರವಾಯಿತು. "ಅಮ್ಮಾ, ನಾ ಅವೆಲ್ಲ ನೋಡಂಗಿಲ್ರಿ. ನನಗ್ಯಾಕ ಬ್ಯಾರೆ ಬಾಣಲಿ?" ಅಂದ.

"ನೀ ನೋಡಂಗಿಲ್ಲಪ್ಪ, ಮಂತ್ರಾಲಯದಾಗ ನಿಮ್ಮವ್ವ ನೋಡತಾಳಲ್ಲ. ಆಕಿ ಕೇಳಿದ್ರ ಹೇಳಾಕ ಒಂದು ಮಾತು ಇರಲಿ," ಅಂದಳು ಅಮ್ಮ. ಲೆಕ್ಕದ ಮಾಸ್ತರ ಇನ್ನೊಂದು ಬಜ್ಜಿ ತಟ್ಟೆಗೆ ಹಾಕಿಕೊಂಡ.

ತಿನ್ನುವ ಮುಂಚೆ ಅಮ್ಮ ಪ್ರಾರ್ಥಿಸುವಳು. ನಾವೆಲ್ಲ ಕಣ್ಣು ಮುಚ್ಚುತ್ತಿದ್ದೆವು, ಗುರುರಾಜ ಮಾತ್ರ ಕೈ ಮಡಿಲಲ್ಲಿಟ್ಟು ಕಣ್ಣು ತೆರೆದೇ ಕೂಡುತ್ತಿದ್ದ. ಕೊನೆಗೆ ಎಲ್ಲರೂ ಆಮೆನ್ ಅಂದರೆ ಇವನು ಬಾಯಿ ಬಿಚ್ಚುತ್ತಿರಲಿಲ್ಲ. ಒಮ್ಮೆ ನನ್ನನ್ನು ಕೇಳಿದ, ಆಮೆನ್ ಅಂದರೆ ಏನು ಅಂತ. ಹೌದು, ಇದು ಸತ್ಯ, ಹೀಗೇ ಆಗಲಿ ಎಂದು ಅರ್ಥ ಅಂದೆ. "ಮತ್ತ ನಾ ಹೆಂಗ ಅನ್ನಲಿ? ಸಾಧಿಸದ ಲೆಕ್ಕಕ್ಕ ಸಹಿ ಹಾಕಿದಂಗ ಆಕ್ಕೈತಿ," ಅಂದ. ವಾದಕ್ಕಾಗಿ ಹೇಳಿದ್ದಲ್ಲ, ಅವನಿಗೆ ನಿಜಕ್ಕೂ ಅದು ಸಹಿಯೇ ಆಗಿತ್ತು.

ಇದರ ಹಿಂದೆ ಒಂದು ಕಥೆಯಿದೆ. ನಂಬಿಕೆ ಹೋದಮೇಲೆ ಇವನು ಜನಿವಾರ ತೆಗೆದ. ಅಂಗಿಯ ಒಳಗೆ ಸುಮ್ಮನೆ ಹಾಕಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇವನು ಹಾಗೆ ಮಾಡದೆ ತಂದೆಯ ಮುಂದೆ ಕೂತು, ನಂಬಿಕೆ ಇಲ್ಲದೆ ಹಾಕಿಕೊಂಡರೆ ನಿಮಗೆ ಮೋಸ ಮಾಡಿದಂತೆ ಎಂದು ಹೇಳಿದ. ತಂದೆ ಆರು ವರ್ಷ ಮಾತು ಬಿಟ್ಟರು. ಇವನು ನಮ್ಮೂರಿಗೆ ಬಂದ ಮೇಲೆ, ತಾಯಿ ಫೋನನ್ನು ತಂದೆಯ ಕಿವಿಗೆ ಹಿಡಿದರೆ ಅವರು ಈಗೀಗ 'ಹೂಂ' ಎನ್ನತೊಡಗಿದ್ದರು. ಆ ಒಂದು ಹೂಂ ಕೇಳಲು ಇವನು ಪ್ರತಿ ಗುರುವಾರ ಫೋನು ಮಾಡುವನು.

ಈಗ ನನ್ನ ಪಾಡು ಕೇಳಿ. ನಮ್ಮ ಕಡೆ ಕ್ರೈಸ್ತರಿಗೆ ಬೇರೆ ಮತದ ಗೆಳೆಯರು ಇರುವುದು ಹೊಸತಲ್ಲ. ಯುಗಾದಿಗೆ ಹೋಳಿಗೆ ಬರುತ್ತದೆ, ರಂಜಾನಿಗೆ ಶೀರ್ ಖುರ್ಮಾ ಬರುತ್ತದೆ, ಕ್ರಿಸ್‌ಮಸ್ಸಿಗೆ ನಮ್ಮ ಕೇಕು ಎಲ್ಲರ ಮನೆಗೂ ಹೋಗುತ್ತದೆ. ನಾಸ್ತಿಕನ ವಿಷಯದಲ್ಲಿ ಯಾವ ದಿನ ಶುಭಾಶಯ ಹೇಳಬೇಕು ಎಂಬುದೇ ತಿಳಿಯುವುದಿಲ್ಲ. ಅವನು ಸ್ವಲ್ಪ ಕೆಟ್ಟವನಾದರೂ ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಹೆಂಡತಿಯ ಹೆರಿಗೆಯ ಹೊತ್ತಿಗೆ ರಕ್ತ ಬೇಕಾದಾಗ ಚರ್ಚಿನವರೆಲ್ಲ ಮೊಣಕಾಲೂರಿ ಪ್ರಾರ್ಥಿಸಿದರು, ಇವನು ತರಗತಿ ಬಿಟ್ಟು ಓಡಿ ಬಂದು ರಕ್ತ ಕೊಟ್ಟ. ನಮ್ಮ ಪ್ರಾರ್ಥನೆಗೆ ಸಿಕ್ಕ ಉತ್ತರ ನೀನೇ ಎಂದಳು ಅಮ್ಮ. "ಹಂಗನಬ್ಯಾಡ್ರಿ ಅಮ್ಮಾ, ನಂದೂ ಆಕಿದೂ ಒಂದಾ ಗ್ರೂಪ್ ಇತ್ತು, ಅದಕ್ಕ ಬಂದೆ," ಅಂದ.

ಇಷ್ಟಾದರೂ ನನಗೊಂದು ಭಯವಿತ್ತು. ಚರ್ಚಿನಲ್ಲಿ ಪರಲೋಕದ ಹಾಡು ಹಾಡುವಾಗ ಕಣ್ಣು ಮುಚ್ಚಿದರೆ, ಅಲ್ಲಿ ಉದ್ದಕ್ಕೆ ಊಟದ ಪಂಕ್ತಿ ಹಾಕಿದ್ದು ಕಾಣುತ್ತಿತ್ತು. ಅಪ್ಪ ಇರುವರು, ಅಜ್ಜ ಇರುವರು, ನನ್ನ ಪಕ್ಕದ ಜಾಗ ಖಾಲಿ. ನಗಬೇಡಿ, ಅಲ್ಲಿಗೆ ಹಾಡು ನಿಲ್ಲಿಸಿ ಕಣ್ಣು ತೆರೆದುಬಿಡುತ್ತಿದ್ದೆ. ಪ್ರೀತಿಸಿದವನು ಕಡೆಗೆ ಜೊತೆಗಿರುವುದಿಲ್ಲ ಎಂದು ನಂಬಿಕೊಂಡು, ಅವನ ಜೊತೆ ಕೂತು ಬಜ್ಜಿ ತಿನ್ನುವುದು ಅಷ್ಟು ಹಗುರವಾದ ಕೆಲಸವಲ್ಲ. ಈ ಮಾತು ಅವನಿಗೆ ಹೇಳಿದರೆ ನಗುತ್ತಾನೆ, ಪಾಸ್ಟರಿಗೆ ಹೇಳಿದರೆ ಅವರು ನಗುವುದೇ ಇಲ್ಲ. ಹೀಗಾಗಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಆ ಪಾಸ್ಟರನ್ನು ನಾವು ಅಯ್ಯಗಾರು ಎಂದು ಕರೆಯುತ್ತೇವೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. "ಆ ಲೆಕ್ಕದ ಸಾರ್ ವಾರ ವಾರ ನಿಮ್ಮ ಮನಿಗೆ ಬರ್ತಾರಂತ ಕದಾ, ಹೌದಿಲ್ಲೋ. ನಿಮ್ಮ ಮನಿತನಕ ಬಂದವರು ಇಲ್ಲೀತನಕ ಯಾಕ ಬರಂಗಿಲ್ಲ?"

ಅವನು ನಂಬುವುದಿಲ್ಲ, ಉಗ್ಗಾಣಿಗೆ ಬರುತ್ತಾನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದೆ ನಾಲ್ಕು ಜನ ನಿಂತು ಕೇಳುತ್ತಿದ್ದರು. ಗೆಳೆಯ ಅವರ ಕಣ್ಣಲ್ಲಿ ಒಳ್ಳೆಯವನಾಗಿ ಕಾಣಲಿ ಎನ್ನಿಸಿತು. ನಾನೂ ಒಳ್ಳೆಯವನಾಗಿ ಕಾಣಲಿ ಎನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. "ಸ್ವಲ್ಪ ಸ್ವಲ್ಪ ಬರಾಕತ್ಯಾನ್ರಿ ಅಯ್ಯಗಾರು. ಈಗ ನಾಷ್ಟಾಕ್ಕ ಮುಂಚೆ ಆಮೆನ್ ಅಂತಾನ," ಅಂದುಬಿಟ್ಟೆ.

ಮುಂದಿನ ವಾರ ಅಯ್ಯಗಾರು ಉಪದೇಶದ ನಡುವೆ, ಓದಿದ ಸಹೋದರನೊಬ್ಬ ಆಮೆನ್ ಹೇಳಲು ಕಲಿತಿದ್ದಾನೆ ಎಂದು ಸಾರಿದರು. ಸಭೆಯೆಲ್ಲ ದೇವರಿಗೆ "ಸ್ತೋತ್ರಂ" ಅಂದಿತು. ಅದೇ ಸಂಜೆ ಇಬ್ಬರು ಹಿರಿಯರು ಕಿತ್ತಳೆಹಣ್ಣು ಹಿಡಿದು ಗುರುರಾಜನ ಕೋಣೆಗೆ ಹೋಗಿ, ದೀಕ್ಷಾಸ್ನಾನ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದರು. ಅವನು ಆ ಹಣ್ಣನ್ನೇ ಸುಲಿದು ಅವರಿಗೆ ಕೊಟ್ಟು, ಚಹಾ ಕುಡಿಸಿ, ಏನೋ ತಪ್ಪು ತಿಳಿವಳಿಕೆಯಾಗಿದೆ ಎಂದು ಕಳಿಸಿದ. ಮಾತು ಅಲ್ಲಿಗೆ ನಿಲ್ಲಲಿಲ್ಲ, ಮಂತ್ರಾಲಯ ಮುಟ್ಟಿತು.

ಶುಕ್ರವಾರ ಸ್ಟಾಫ್ ರೂಮಿನಲ್ಲಿ ಗುರುರಾಜ ನನ್ನ ಎದುರು ಕೂತ. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ನಮ್ಮವ್ವ ಫೋನ್ ಮಾಡಿ ಅತ್ಲು. ಅಪ್ಪ ಹೂಂ ಅನ್ನೋದೂ ಬಿಟ್ಟಾನಂತ," ಅಂದ. "ಹಡದ ಅಪ್ಪನ ಮುಂದ ನಾ ಹೇಳದ ಸುಳ್ಳು, ನನ್ನ ಹೆಸರಿಲೆ ನೀ ಹೇಳಿದಿ ನೋಡು."

ಮೂರು ಭಾನುವಾರ ಅವನು ಬರಲಿಲ್ಲ. ಅಮ್ಮ ಎರಡು ವಾರ ಬಾಗಿಲು ನೋಡಿದಳು, ಮೂರನೆಯ ವಾರ ನನ್ನ ಮುಖ ನೋಡಿದಳು. ಎಲ್ಲ ಒಪ್ಪಿಕೊಂಡೆ. ಅಷ್ಟೂ ಕೇಳಿ ಮುಗಿಸಿ, "ಚರ್ಚಿನಾಗ ಹಬ್ಬಿಸಿದ್ದು ನೀನ, ಅಲ್ಲೇ ಎದ್ದು ನಿಂತು ಹೇಳು. ಮುಂದಿನ ವಾರ ಸಾಕ್ಷಿ ಹೇಳೋ ಹೊತ್ತಿನಾಗ," ಅಂದಳು.

"ಅಂವ ನಾಸ್ತಿಕ ಅಂತ ಎಲ್ಲಾರ ಮುಂದ ಹೆಂಗ ಹೇಳಲಿ ಅಮ್ಮಾ? ಹಂಗಂದ್ರ ಏನಂತ ನಿನಗಾದ್ರೂ ಗೊತ್ತೈತೇನು?"

"ಮೊದಲನೇ ದಿನ ನೀ ಹೇಳಿದಾಗ ನನ್ನ ಕಿವಿ ನೆಟ್ಟಗ ಇದ್ವು," ಅಂದಳು ಅಮ್ಮ. "ಬಾಗಿಲಿಗೆ ಬಂದು ನಿಂತಾವಗ ಮತ್ತೇನು ಮಾಡಬೇಕಿತ್ತು ನಾನು?"

ನಮ್ಮ ಚರ್ಚಿನಲ್ಲಿ ಸಾಕ್ಷಿ ಎಂದರೆ, ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರಾಗಿ ಎದ್ದು ನಿಂತು ಹೇಳುವುದು. ಮೊಣಕಾಲು ನೋವು ಹೋಯಿತು, ಮಗಳಿಗೆ ಗಂಡು ಸಿಕ್ಕಿತು, ಇಂಥವು. ಹೇಳುವವರು ಉಸಿರು ತೆಗೆದುಕೊಂಡಲ್ಲೆಲ್ಲ ಸಭೆ ಸ್ತೋತ್ರಂ ಎನ್ನುತ್ತದೆ. ವರ್ಷಗಟ್ಟಲೆಯ ರೂಢಿ, ಮಾತಿನ ಕಡೆ ಅಷ್ಟಾಗಿ ಯಾರೂ ಗಮನ ಕೊಡುವುದಿಲ್ಲ. ನಾನು ಎದ್ದು ನಿಂತೆ.

"ನನ್ನ ಗೆಳೆಯ ಗುರುರಾಜ ದೇವರನ್ನ ನಂಬಂಗಿಲ್ಲ," ಅಂದು ಉಸಿರು ತೆಗೆದುಕೊಂಡೆ.

"ಸ್ತೋತ್ರಂ," ಅಂದಿತು ಸಭೆ.

"ಅಂವ ಯಾವತ್ತೂ ಆಮೆನ್ ಅಂದಿಲ್ಲ."

"ಸ್ತೋತ್ರಂ." ಈ ಸಲ ಅರ್ಧ ಜನ ಮಾತ್ರ. ಉಳಿದರ್ಧ ಜನ ತಲೆಯೆತ್ತಿ ನೋಡತೊಡಗಿದ್ದರು.

"ಅಂದಾನ ಅಂತ ನಾ ಸುಳ್ಳು ಹೇಳೀನಿ. ಅಂವ ಸುಳ್ಳು ಹೇಳಂಗಿಲ್ಲ."

ಈಗ ಯಾರೂ ಏನೂ ಅನ್ನಲಿಲ್ಲ. ಅಯ್ಯಗಾರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, "ಖರೆ ಹೇಳಿದ್ದಕ್ಕ ಸ್ತೋತ್ರಂ," ಅಂದರು ಮೆಲ್ಲಗೆ. ಹೆಂಗಸರ ಸಾಲಿನಿಂದ ಒಂದೇ ಒಂದು ದನಿ ಗಟ್ಟಿಯಾಗಿ ಸ್ತೋತ್ರಂ ಎಂದಿತು. ಅದು ಅಮ್ಮನದು.

ಸುಳ್ಳು ಹೋದ ದಾರಿಯಲ್ಲೇ ಈ ಸುದ್ದಿಯೂ ಮಂತ್ರಾಲಯ ಮುಟ್ಟಿತು. ಮಗ ತಮ್ಮ ದೇವರನ್ನೂ ನಂಬುವುದಿಲ್ಲ, ನಮ್ಮ ದೇವರನ್ನೂ ನಂಬುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ತಂದೆಗೆ ಎಷ್ಟೋ ಸಮಾಧಾನವಾಯಿತಂತೆ. ಗುರುವಾರದ ಹೂಂ ಮತ್ತೆ ಶುರುವಾಯಿತು. ಮುಂದಿನ ಭಾನುವಾರ ಏಳೂವರೆಗೆ ಗುರುರಾಜ ನಮ್ಮ ಬಾಗಿಲಲ್ಲಿದ್ದ, ಕೈಯಲ್ಲಿ ಸೈಕಲ್ ಪಂಪು. ಅದನ್ನು ಯಾವಾಗ ಒಯ್ದಿದ್ದನೋ ನನಗೆ ನೆನಪಿಲ್ಲ.

"ಪಂಪ್ ಕೊಡಾಕ ಬಂದಿದ್ದೆ," ಅಂದ.

"ಅಲ್ಲಿಟ್ಟು ಕೈ ತೊಳಕೋ ಬಾ ನಾಷ್ಟಿಕ," ಅಂದಳು ಅಮ್ಮ.

ಆಮೇಲೆ ಅವನಿಗೆ ಮದುವೆಯಾಯಿತು, ಪತ್ತಿಕೊಂಡಕ್ಕೆ ವರ್ಗವಾಯಿತು, ಹಾಗೇ ತಿರುಗಿ ನಮ್ಮೂರಿಗೂ ಬಂದ. ಬಸ್ಸು ಹಿಡಿದು ಬರಬೇಕಾದ ವರ್ಷಗಳಲ್ಲೂ ಭಾನುವಾರ ಹೆಚ್ಚು ತಪ್ಪಿಸಿದವನಲ್ಲ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಅವನು ಸಮಾಧಿಯ ಹತ್ತಿರ ಕಡೆಯವರೆಗೂ ನಿಂತಿದ್ದ, ಎಲ್ಲರೂ ಹಾಡುವಾಗ ಸುಮ್ಮನಿದ್ದ. ಅಂದಿನಿಂದ ನಾಷ್ಟಾದ ಪ್ರಾರ್ಥನೆ ನನ್ನ ಪಾಲಿಗೆ ಬಂತು. ನನಗೆ ಅಮ್ಮನಂತೆ ಬರುವುದಿಲ್ಲ, ಚರ್ಚಿನಲ್ಲಿ ಕೇಳಿ ಕಂಠಪಾಠವಾದ ನಾಲ್ಕು ತೆಲುಗು ಸಾಲು ಗಡಬಡಿಸಿ ಹೇಳಿ ಮುಗಿಸುತ್ತಿದ್ದೆ.

ಈ ಭಾನುವಾರ ಆ ಘಾಟಿನ ನಡುವೆಯೇ ಗುರುರಾಜನೂ ನಾನೂ ಎದುರು ಬದುರು ಕೂತೆವು. "ಉಗ್ಗಾಣಿಗೆ ಎರಡು ಸಲ ಉಪ್ಪು ಬಿದ್ದೈತಿ, ಸುಮ್ನ ತಿನ್ರಿ," ಎಂದು ಹೆಂಡತಿ ಒಳಗಿನಿಂದ ಎಚ್ಚರಿಸಿದಳು. ಕಣ್ಣು ಮುಚ್ಚಿದೆ. ಆ ನಾಲ್ಕು ಸಾಲು ಬಾಯಿಗೆ ಬರಲೇ ಇಲ್ಲ. ಬಂದದ್ದನ್ನೇ ಹೇಳಿದೆ.

"ದೇವರೇ, ಅಮ್ಮ ಇಲ್ಲದ ಮನಿ ಇನ್ನಾ ರೂಢಿ ಆಗಿಲ್ಲ. ಉಗ್ಗಾಣಿಗೆ ಉಪ್ಪು ಜಾಸ್ತಿ ಆಗೈತಿ. ಗುರುರಾಜ ನಿನ್ನ ನಂಬಂಗಿಲ್ಲ, ನಾ ನಂಬತೀನಿ. ಅಂವ ಇಲ್ಲದ ಕಡೆ ಕುಂತು ಉಣ್ಣಾಕ ನನಗ ಮನಸಿಲ್ಲ."

"ಆಮೆನ್," ಅಂದಿತು ಎದುರಿನ ದನಿ.

ಕಣ್ಣು ಬಿಟ್ಟೆ. ಅವನು ಬಜ್ಜಿ ಮುರಿಯುತ್ತಿದ್ದ, ನನ್ನ ಕಡೆ ನೋಡಲಿಲ್ಲ. "ಏನಂದಿ?" ಅಂದೆ.

"ಎಲ್ಲಾ ಖರೆನ ಇತ್ತಲ್ಲ," ಅಂದ. "ಉಪ್ಪಿಂದೊಂದು ಮಾತ್ರ, ನಿಮ್ಮ ಮನಿಯಾಕಿ ಮಾತು ನಂಬಿ ಅಂದೆ."

ಆಮೇಲೆ ನಾನು ಚರ್ಚಿಗೆ ಹೋದೆ. ಪರಲೋಕದ ಹಾಡು ಹಾಡಿದರು, ಆ ಪಂಕ್ತಿಯೂ ಕಂಡಿತು. ಪಕ್ಕದ ಜಾಗ ಎಂದಿನಂತೆ ಖಾಲಿಯೇ ಇತ್ತು, ಆದರೆ ಈ ಸಲ ಆ ಜಾಗವನ್ನು ಯಾರಿಗೂ ಬಿಟ್ಟುಕೊಡದೆ ಅಮ್ಮ ಬಾಗಿಲ ಕಡೆ ನೋಡುತ್ತಾ ಕೂತಿದ್ದಳು. ಸಾಕ್ಷಿಯ ಹೊತ್ತು ಬಂತು. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಅಯ್ಯಗಾರು ನನ್ನ ಕಡೆ ಒಮ್ಮೆ ನೋಡಿದರು, ನಾನು ಏಳಲಿಲ್ಲ. ಆ ಆಮೆನ್ ವಿಷಯ ನಿಮಗೆ ಮಾತ್ರ ಹೇಳಿದ್ದೇನೆ. ಆದೋನಿಯ ಕಡೆ ಬಂದಾಗ ನಮ್ಮ ಚರ್ಚಿನವರು ಯಾರಾದರೂ ಸಿಕ್ಕಿ ಕೇಳಿದರೆ, ಆ ಭಾನುವಾರ ಉಗ್ಗಾಣಿಗೆ ಉಪ್ಪು ಹೆಚ್ಚಾಗಿತ್ತಂತೆ ಎಂದಷ್ಟೇ ಹೇಳಿ.