ಅಡಕೆ ಹಾಳೆಯ ಮೇಲೆ ಬಿಚ್ಚಿಟ್ಟ ಜೀಪು

ನನ್ನ ತಂದೆಯವರು ನನ್ನನ್ನು ಯಾರಿಗಾದರೂ ಪರಿಚಯಿಸುವಾಗ "ಇವನು ನನ್ನ ಮಗ" ಎನ್ನುತ್ತಿದ್ದರು. "ನನ್ನಲ್ಲಿ ಪಾಠ ಹೇಳಿಸಿಕೊಂಡವನು" ಎಂದು ಒಮ್ಮೆಯೂ ಹೇಳಿದವರಲ್ಲ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಅವರಲ್ಲಿ ಆರಂಭಿಸಿದ ವೇದಪಾಠವನ್ನು ಅರ್ಧಕ್ಕೆ ನಿಲ್ಲಿಸಿ, ಸಂಸ್ಕೃತದ ಪರೀಕ್ಷೆ ಮುಗಿಸಿ, ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಪಂಡಿತನಾಗಿ ಸೇರಿಕೊಂಡವನು ನಾನು. ಊರೂರಿನ ಶಿಷ್ಯರಿಗೆ ಸಂಹಿತೆಯನ್ನು ಕಂಠಸ್ಥ ಮಾಡಿಸಿದ ಅವರು ಮಗನಿಗೆ ಆ ವಿಷಯದಲ್ಲಿ ಒಂದು ದಿನವೂ ಗದರಲಿಲ್ಲ.

ನಮ್ಮ ಮನೆ ಗುರುವಾಯನಕೆರೆಯಿಂದ ಒಳಕ್ಕೆ. ಹೊಳೆಯ ಆಚೆಗೆ, ಗುಡ್ಡದ ಮೇಲೆ ವಿಷ್ಣುಮೂರ್ತಿಯ ಗುಡಿ. ಧನುರ್ಮಾಸದ ಅಷ್ಟೂ ದಿನ ಸೂರ್ಯೋದಯಕ್ಕೆ ಮೊದಲು ಅಲ್ಲಿ ಪೂಜೆ ಸಲ್ಲಿಸುವ ವ್ರತವನ್ನು ತಂದೆಯವರು ಯೌವನದಲ್ಲೇ ಹಿಡಿದಿದ್ದರು. ಒಂದು ಬೆಳಗೂ ತಪ್ಪಿಸಿರಲಿಲ್ಲ. ಅರುವತ್ತನೆಯ ಇಸವಿಯ ಆಸುಪಾಸಿನಲ್ಲಿ ಅವರ ಮೊಣಕಾಲು ಕೈಕೊಟ್ಟಿತು. ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತೊಯ್ಯುವ ವ್ಯವಸ್ಥೆ ಮಾಡುತ್ತೇನೆಂದೆ.

"ನಾಲ್ಕು ಜನರ ಹೆಗಲ ಮೇಲೆ ಹೋಗುವುದು ಒಂದೇ ಸಲ," ಎಂದರು. "ಆಗ ನನ್ನನ್ನು ಯಾರೂ ಕೇಳುವುದಿಲ್ಲ. ಈಗ ಕೇಳಿದ್ದೀಯಲ್ಲ, ಬೇಡ."

ಬೆಳ್ತಂಗಡಿಯ ಕಡೆಯ ರಬ್ಬರ್ ತೋಟವೊಂದರಲ್ಲಿ ಯುದ್ಧಕಾಲದ ಮಿಲಿಟರಿ ಜೀಪೊಂದು ತುಕ್ಕು ಹಿಡಿದು ನಿಂತಿದೆಯೆಂದು ಕೇಳಿದ್ದು ಆ ಮಳೆಗಾಲದಲ್ಲೇ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವುದರಿಂದ ಹೊಳೆಯನ್ನೂ ದಾಟೀತು, ಗುಡ್ಡವನ್ನೂ ಹತ್ತೀತು. ಎಂಜಿನ್ ಇನ್ನೂ ಓಡುತ್ತಿತ್ತು; ನಾನು ಅದನ್ನು ಕೊಂಡು ತಂದೆ. ಸಹೋದ್ಯೋಗಿಗಳು "ಪಂಡಿತರು ಅಮರಕೋಶ ಬಿಟ್ಟು ಸೈನ್ಯ ಸೇರಿದರು" ಎಂದು ನಕ್ಕರು. ತಂದೆಯವರು ಜಗಲಿಯಿಂದಲೇ ಅದನ್ನು ನೋಡಿ, "ಹಿಂಸೆಗೆ ಹೋಗಿ ಬಂದದ್ದು. ದೇವರ ಕೆಲಸ ಮಾಡಿದರೆ ಅದಕ್ಕೂ ಪ್ರಾಯಶ್ಚಿತ್ತವಾದೀತು," ಎಂದರು. ಅದರ ಸ್ಟೇರಿಂಗ್ ಎಡಕ್ಕಿತ್ತು. ಊರವರಿಗೆ ಅದು ವಿಚಿತ್ರವಾಗಿ ಕಂಡರೂ ನನಗೆ ಶುಭವೆನಿಸಿತು. ನಾನು ಎಡಕ್ಕೆ ಕುಳಿತರೆ ಹಿರಿಯರ ಸ್ಥಾನ ತಾನಾಗಿ ನನ್ನ ಬಲಕ್ಕೆ ಬರುತ್ತಿತ್ತು.

ದಿನವೂ ಅದರಲ್ಲೇ ಮೂಡುಬಿದಿರೆಗೆ ಹೋಗಿಬರಬೇಕಾದ್ದರಿಂದ ದುರಸ್ತಿಗೆಂದು ಅದನ್ನು ನಿಲ್ಲಿಸುವಂತಿರಲಿಲ್ಲ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ: ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಮುಚ್ಚಲಾಗದ್ದನ್ನು ಬಿಚ್ಚಬಾರದು. ಶಾಲೆಯಿಂದ ಬಂದು ಒಂದು ಸಂಜೆ ರೇಡಿಯೇಟರಿನ ಸೋರಿಕೆ, ಇನ್ನೊಂದು ಸಂಜೆ ಸ್ಪ್ರಿಂಗಿನ ಮುರಿದ ಪಟ್ಟಿ. ಬಿಚ್ಚಿದ ಒಂದೊಂದು ತುಂಡನ್ನೂ ಅಂಗಳದಲ್ಲಿ ಅಡಕೆ ಹಾಳೆಗಳ ಮೇಲೆ ಸಾಲಾಗಿ ಇಡುತ್ತಿದ್ದೆ. ಹರಿದ ಆಸನ ಕಿತ್ತು, ತೆಂಗಿನ ನಾರು ತುಂಬಿಸಿ, ಹೊಸ ಚಾಪೆ ಹೊದಿಸಿದೆ. ತುಲಾಮಾಸ ಮುಗಿಯುವಷ್ಟರಲ್ಲಿ, ಒಂದು ದಿನದ ಪಾಠವನ್ನೂ ತಪ್ಪಿಸದೆ, ಆ ತುಕ್ಕಿನ ರಾಶಿಯನ್ನು ನಾನೊಬ್ಬನೇ ವಾಹನವನ್ನಾಗಿ ಮಾಡಿದ್ದೆ. ಹೇಳಿಕೊಳ್ಳುವುದಕ್ಕೆ ಇಂದಿಗೂ ನನಗೆ ಸಂಕೋಚವಿಲ್ಲ.

ಆದರೆ ಒಂದು ಪ್ರಮಾದ ಮಾಡಿದೆ. ಗಾಡಿಗೆ ಹಾಕುವ ಗ್ರೀಸಿನಲ್ಲಿ ಪ್ರಾಣಿಯ ಕೊಬ್ಬಿರುತ್ತದೆಂದು ಯಾರೋ ಹೇಳಿದರು. ಮಡಿಯುಟ್ಟ ತಂದೆಯವರು ತುಳಸಿ, ನೈವೇದ್ಯದ ಅಕ್ಕಿ ಹಿಡಿದು ಕೂರುವ ಗಾಡಿ. ನಾನು ಸ್ಟೇರಿಂಗಿನ ಬುಡದ ಪೆಟ್ಟಿಗೆಯಲ್ಲಿದ್ದ ಜಿಡ್ಡನ್ನು ಸೀಮೆಎಣ್ಣೆ ಹೊಯ್ದು ತೊಳೆದು ಹರಿಸಿ, ಶುದ್ಧ ತೆಂಗಿನೆಣ್ಣೆ ತುಂಬಿದೆ. ಸ್ಟೇರಿಂಗ್ ಹೂವಿನಂತೆ ಹಗುರವಾಯಿತು.

ಧನುಸ್ಸಂಕ್ರಮಣದ ಬೆಳಗ್ಗೆ ಮಂಜು ಬಿದ್ದಿತ್ತು. ಬಚ್ಚಲಿನ ಕುಪ್ಪಿಯಲ್ಲಿ ಗಡ್ಡೆಕಟ್ಟಿದ್ದ ತೆಂಗಿನೆಣ್ಣೆಯನ್ನು ಒಲೆಯ ಬಳಿ ಇಟ್ಟು ಕರಗಿಸಿಯೇ ನಾನು ತಲೆಗೆ ಹಚ್ಚಿಕೊಂಡೆ; ಆದರೂ ಜೀಪಿನೊಳಗಿನ ಎಣ್ಣೆಗೂ ಅದೇ ಗತಿಯೆಂದು ಹೊಳೆಯಲಿಲ್ಲ. ಜೀಪಿಗೆ ಹತ್ತಿದರೆ ಸ್ಟೇರಿಂಗ್ ಅಲುಗದು. ಸ್ನಾನದ ಹಂಡೆಯಿಂದ ಬಿಸಿನೀರು ತಂದು ಪೆಟ್ಟಿಗೆಯ ಮೇಲೆ ಸುರಿದು ಹೊರಟೆವು. ಹೊಳೆಯ ತಣ್ಣೀರು ದಾಟಿ ಗುಡ್ಡದ ತಿರುವಿಗೆ ಬಂದಾಗ ಅದು ಪುನಃ ಬಿಗಿದು, ಮುಂದಿನ ಚಕ್ರ ಅಂಚಿನತ್ತ ಸಾಗಿತು. ಬ್ರೇಕ್ ತುಳಿದೆ. ತಂದೆಯವರು "ನಾರಾಯಣ" ಎಂದಷ್ಟೇ ಹೇಳಿ ತುಳಸಿಯ ಬುಟ್ಟಿಯನ್ನು ಎದೆಗವಚಿಕೊಂಡರು. ಹಿಂದೆ ಸರಿಸಿ, ಎರಡೂ ಕೈಗಳಿಂದ ಜಗ್ಗಿ, ಗುಡಿ ಮುಟ್ಟುವಾಗ ಪೂರ್ವ ಕೆಂಪಾಗುತ್ತಿತ್ತು. ಪೂಜೆ ಸಂದಿತು, ಆದರೆ ಮಾಸ ಪೂರ್ತಿ ಮುಂದಿತ್ತು.

ಅಂದು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ನೇರವಾಗಿ ಬಂಟ್ವಾಳಕ್ಕೆ ಹೋದೆ. ಅಲ್ಲಿನ ಮೆಕ್ಯಾನಿಕ್ ಒಬ್ಬರು ಯುದ್ಧಕಾಲದಲ್ಲಿ ಬರ್ಮಾದಲ್ಲಿ ಇಂಥ ಗಾಡಿಗಳನ್ನೇ ನೋಡಿಕೊಂಡಿದ್ದವರು. ಪೆಟ್ಟಿಗೆಯ ಬಿರಡೆ ತೆಗೆದು ಮೂಸಿ ನೋಡಿದರು.

"ಎಂತ ಪಂಡಿತರೇ, ಒಗ್ಗರಣೆಯ ಪರಿಮಳ ಬರ್ತದಲ್ಲ!"

"ತೆಂಗಿನೆಣ್ಣೆ," ಎಂದೆ.

"ಅಯ್ಯೋ ಮಾರಾಯ್ರೆ! ಬರ್ಮಾದಲ್ಲಿ ಇದಕ್ಕೆ ಏನೇನೋ ಕುಡಿಸಿದ್ದೇವೆ. ಅಭ್ಯಂಗ ಮಾಡಿಸಿದವರು ನೀವೇ ಮೊದಲು."

ಸಂಗತಿ ತಿಳಿಸಿದೆ. ಅವರು ನಗು ನಿಲ್ಲಿಸಿ ಒಂದು ಡಬ್ಬಿ ಎಣ್ಣೆ ತಂದುಕೊಟ್ಟರು. "ಇದು ಭೂಮಿಯ ಒಳಗಿಂದ ತೆಗೆದದ್ದು. ಯಾವ ಪ್ರಾಣಿಯದ್ದೂ ಅಲ್ಲ, ನನ್ನ ಮಾತು ನಂಬಿ. ಗಾಡಿ ಇಲ್ಲಿ ಬಿಡಿ, ಎರಡು ದಿವಸದಲ್ಲಿ ಕೊಡ್ತೇನೆ."

"ನಾಳೆ ಬೆಳಿಗ್ಗೆಯೂ ಬೇಕು. ನಾಡಿದ್ದೂ ಬೇಕು."

"ಹಾಗಾದ್ರೆ ನೀವೇ ಬಿಚ್ಚಿ. ಮುಚ್ಚಳದ ಕೆಳಗೆ ಕಾಗದದಷ್ಟು ತೆಳು ತಗಡುಗಳು ಉಂಟು, ಅವು ಜಾಗ್ರತೆ. ಒಂದು ಕಡಿಮೆ ಆದ್ರೆ ಸ್ಟೇರಿಂಗ್ ಬಿಗಿ ಹಿಡೀತದೆ, ನಿಮ್ಮ ಗುಡ್ಡೆಯ ತಿರುವಿನಲ್ಲಿ ಮತ್ತೆ ದೇವರೇ ಗತಿ."

ಭಾನುವಾರವೂ ಬಿಸಿನೀರಿನ ಬಲದಿಂದಲೇ ಗುಡಿಗೆ ಹೋಗಿ ಬಂದೆವು. ಮನೆಗೆ ಬಂದವನೇ ಹಾಳೆಗಳನ್ನು ಹಾಸಿ ಪೆಟ್ಟಿಗೆಯನ್ನು ಕಳಚಿದೆ. ಅಲ್ಲಿಯವರೆಗೆ ನಾನು ಬಿಚ್ಚಿದ್ದರಲ್ಲಿ ಅಷ್ಟು ಸೂಕ್ಷ್ಮವಾದದ್ದು ಬೇರೊಂದಿರಲಿಲ್ಲ. ತುಂಡುಗಳ ಹೆಸರನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದ ತಂದೆಯವರು ಕೇಳಿದರು: "ಏನು ಗೊಣಗುವುದು?"

"ಬಿಚ್ಚಿದ ಕ್ರಮ ಮರೆಯಬಾರದೆಂದು."

"ಗೊಣಗಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಗಟ್ಟಿಯಾಗಿ ಹೇಳು. ಬಿಡಿಬಿಡಿಯಾಗಿ ಅಲ್ಲ, ಹಿಂದಿನದನ್ನು ಮುಂದಿನದಕ್ಕೆ ಕಟ್ಟಿ ಹೇಳು. ಕ್ರಮಪಾಠ ಮರೆತೇ ಹೋಯಿತೋ?"

ಮರೆತಿರಲಿಲ್ಲ. ಒಂದು ಪದವನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ಜೋಡಿಸಿ ಹೇಳುವ ಆ ಪಾಠಕ್ಕೇ ನಾನು ನಿಲ್ಲಿಸಿದ್ದು. ಹೇಳಿದೆ: "ಬೋಲ್ಟು-ಮುಚ್ಚಳ, ಮುಚ್ಚಳ-ತಗಡು, ತಗಡು-ತಗಡು, ತಗಡು-ತಗಡು, ತಗಡು-ಬಳೆ, ಬಳೆ-ಗುಂಡು..." ತಂದೆಯವರು ಕಣ್ಣು ಮುಚ್ಚಿ, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಕೇಳಿದರು. ಜೀಪಿನ ಹೊಟ್ಟೆಯಲ್ಲಿ ಏನಿದೆಯೆಂದು ಅವರಿಗೆ ತಿಳಿಯದು. ಕೇಳಿದ್ದನ್ನು ಮಾತ್ರ ಅವರು ಬಿಡುವವರಲ್ಲ.

ಒಂದೊಂದನ್ನೂ ತೊಳೆದು ಒರಸಿ, ಮಧ್ಯಾಹ್ನದ ಮೇಲೆ ಜೋಡಿಸತೊಡಗಿದೆ. ಈಗ ವಿಲೋಮ, ಕೊನೆಯಿಂದ ಮೊದಲಿಗೆ: "ಗುಂಡು-ಬಳೆ, ಬಳೆ-ತಗಡು, ತಗಡು-ತಗಡು, ತಗಡು-ಮುಚ್ಚಳ..."

"ನಿಲ್ಲು."

ಬಾಲ್ಯದಲ್ಲಿ ಸ್ವರ ತಪ್ಪಿದಾಗ ಕೇಳಿದ ದನಿ ಅದೇ. ನನ್ನ ಕೈ ಬೋಲ್ಟಿನ ಮೇಲೆಯೇ ನಿಂತಿತು.

"ಹೋಗುವಾಗ ತಗಡು-ತಗಡು ಎರಡು ಸಲ. ಬರುವಾಗ ಒಂದೇ ಸಲ. ಒಂದು ಬಿಟ್ಟೆ."

ಮುಚ್ಚಳ ತೆಗೆದು ನೋಡಿದೆ. ತಗಡು ಎರಡೇ ಇದ್ದವು. ಅಂಗಳವನ್ನೆಲ್ಲ ಜಾಲಾಡಿದೆ, ಬಿಸಿಲು ಹಟ್ಟಿಯ ಮಾಡಿಗೆ ಏರಿತು. ಕೊನೆಗೆ ಹಾಳೆಯನ್ನೇ ಎತ್ತಿ ಬೆಳಕಿಗೆ ಹಿಡಿದಾಗ, ಅದರ ಮಡಿಕೆಯೊಳಗೆ, ನಾನೇ ತುಂಬಿದ ತೆಂಗಿನೆಣ್ಣೆಯ ಜಿಡ್ಡಿನಲ್ಲಿ ಅಂಟಿಕೊಂಡು ಅದು ಮಿನುಗಿತು. ಸ್ವಸ್ಥಾನದಲ್ಲಿ ಇಟ್ಟು, ಮೊದಲಿನಿಂದ ಹೇಳಿ, ಕೊನೆಯ ಬೋಲ್ಟು ಬಿಗಿಯುವಾಗ ಒಳಗೆ ದೀಪ ಹಚ್ಚುವ ಸದ್ದು ಕೇಳಿಸಿತು. ಡಬ್ಬಿಯ ಎಣ್ಣೆಯ ಬಗ್ಗೆ ವಿಚಾರಿಸಿಕೊಂಡ ತಂದೆಯವರು, "ಭೂಮಿಯದ್ದಾದರೆ ಮೈಲಿಗೆ ಎಲ್ಲಿ?" ಎಂದರು.

ಮರುದಿನ ಬೆಳಗ್ಗೆ ಹೆಚ್ಚು ಮಂಜಿತ್ತು. ಗುಡ್ಡದ ತಿರುವಿನಲ್ಲಿ ಸ್ಟೇರಿಂಗನ್ನು ಒಂದೇ ಕೈಯಲ್ಲಿ ತಿರುಗಿಸಿದೆ. ಬೇಕೆಂದೇ ಹಾಗೆ ಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ. ತಂದೆಯವರು ನೋಡಿಯೂ ನೋಡದಂತಿದ್ದರು. ಆ ಮಾಸದ ಒಂದು ಬೆಳಗೂ ತಪ್ಪಲಿಲ್ಲ.

ಮಕರ ಸಂಕ್ರಮಣದ ಹಿಂದಿನ ದಿನ, ವ್ರತದ ಕೊನೆಯ ಪೂಜೆ ಮುಗಿದ ಮೇಲೆ, ಗುಡಿಯ ಅರ್ಚಕರು ಅಂಗಳದಲ್ಲಿ ಜೀಪಿಗೆ ಒಂದು ಸುತ್ತು ಬಂದರು.

"ಎಲ್ಲಿ ಮಾಡಿಸಿದ್ದು ಇದನ್ನು? ಬಂಟ್ವಾಳದಲ್ಲೋ, ಮಂಗಳೂರಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ, ನನ್ನ ಬಲಗಡೆಯ ಚಾಪೆಯ ಆಸನದಲ್ಲಿ ಕಾಲನ್ನು ಸರಿಪಡಿಸಿಕೊಳ್ಳುತ್ತಿದ್ದ ತಂದೆಯವರು ಉತ್ತರ ಕೊಟ್ಟರು.

"ಮನೆಯಲ್ಲೇ. ಇವನು ಮಾಡಿದ್ದು. ನನ್ನಲ್ಲಿ ಪಾಠ ಹೇಳಿಸಿಕೊಂಡವನು." ಸತ್ಯಕ್ಕೆ ಲೋಪ ಬರಬಾರದೆಂಬಂತೆ ಸೇರಿಸಿದರು: "ಒಂದೇ ಕಡೆ ತಪ್ಪಿದ್ದ."