ನಮ್ಮತ್ತೆಯ ಅಪ್ಪನ ಪಲಟಣದ ಟೋಪಿ

ಪುಂಡಿ ಪಲ್ಯ ಸೋಸುತ್ತ ಕುಳಿತಿದ್ದೆ. ನಾಸಿಕದಲ್ಲಿ ಈ ಹುಳಿ ಸೊಪ್ಪನ್ನು ಅಂಬಾಡಿ ಎನ್ನುತ್ತಾರೆ. ಅಂದು ಎಳೆಯ ಪುಂಡಿ ಸಿಕ್ಕಿತ್ತು, ಅದೂ ಶಿವನ ದಯೆಯೇ ಎಂದುಕೊಂಡು ಎಲೆ ಬಿಡಿಸುತ್ತಿದ್ದಾಗ ಸಂಭಾಜಿನಗರದಿಂದ ಮೈದುನನ ಫೋನು ಬಂತು.

“ವೈನಿ, ಅವ್ವ ಹೇಳ್ತಿದ್ದ ಟೋಪಿ ಇಲ್ಲೊಬ್ಬರ ಮನ್ಯಾಗ ಅದ! ಅಂಥಾದ್ದೇ!”

ನಮ್ಮತ್ತೆಯ ಅಪ್ಪ ಬೀದರಿನ ಕಡೆಯವರು. ಅವರು ಹಳೆಯ ಸಂಸ್ಥಾನದ ಪಲಟಣದಲ್ಲಿ, ಅಂದರೆ ದಂಡಿನಲ್ಲಿ ಇದ್ದರು ಎಂದು ಅತ್ತೆ ಹೇಳುತ್ತಲೇ ಬಂದಿದ್ದರು. ತೋರಿಸಲು ಒಂದು ಫೋಟೊ ಇಲ್ಲ. ಇದ್ದ ಟೋಪಿಯನ್ನೂ ಮನೆ ಪಾಲಾದಾಗ ಯಾರೋ ಹಳೆ ಹಿತ್ತಾಳೆಯ ಜೊತೆ ಗುಜರಿಗೆ ಹಾಕಿಬಿಟ್ಟಿದ್ದರು. ಅದರ ಗರಿ, ಬದಿಗೆ ಜೋತಾಡುವ ಕೆಂಪು ಬಟ್ಟೆ ಎಂದೆಲ್ಲ ಅತ್ತೆ ವರ್ಣಿಸಿದರೆ ಮಕ್ಕಳೇ ನಗುತ್ತಿದ್ದರು. “ಅವ್ವಾ, ಅದು ಲಗ್ನದ ಬ್ಯಾಂಡಿನವರ ಟೋಪಿ. ನಿಮ್ಮಪ್ಪ ಮದುಮಗನ ಮುಂದ ಬಾರಿಸ್ತಿದ್ದ ನೋಡು” ಎಂದು ಹೆಚ್ಚು ಕಾಡುತ್ತಿದ್ದವನು ಈ ಮೈದುನನೇ. ಅತ್ತೆ ಎದ್ದು ದೇವರ ಕೋಣೆಗೆ ಹೋಗಿಬಿಡುತ್ತಿದ್ದರು. ಹೆತ್ತ ಮಕ್ಕಳೇ ತನ್ನ ಮಾತು ನಂಬುವುದಿಲ್ಲ ಎಂಬ ನೋವು ಅವರಿಗಿತ್ತು.

ಪುಂಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಬೆಳಗಿನ ಬಸ್ಸಿಗೆ ಅತ್ತೆಯನ್ನು ಕರೆದುಕೊಂಡು ಹೊರಟೆ. ಕಿಟಕಿಯ ಸೀಟು ಸಿಕ್ಕಿತು. ಅವರ ಮೊಣಕಾಲೂ ಅಂದು ಕಾಡಲಿಲ್ಲ.

ದೌಲತಾಬಾದ್ ರಸ್ತೆಯಲ್ಲಿ ಒಬ್ಬ ನಿವೃತ್ತ ಫೌಜಿಯ ಮನೆ. ಮರಾಠಿ ಮಂದಿ. ಹಳೆಯ ಸೈನಿಕರ ಟೋಪಿಗಳನ್ನು ಕೂಡಿಸಿ ಒಂದು ಕೋಣೆಯಲ್ಲಿ ಜೋಡಿಸಿದ್ದಾರೆ. ಗುಜರಿ ಬಜಾರಿನಲ್ಲಿ ಕೊಂಡದ್ದೆಂದು ತೋರಿಸಿದರು: ಕಪ್ಪು ಉಣ್ಣೆಯ ಎತ್ತರದ ಟೋಪಿ, ಗರಿ ಸಿಕ್ಕಿಸುವ ಹಿತ್ತಾಳೆ ಕೊಳವೆ, ಬದಿಗೆ ಕೆಂಪು ಬಟ್ಟೆ. ಕೆಳಗಿನ ಚೀಟಿಯಲ್ಲಿ ‘ಯಾರದೋ ಗೊತ್ತಿಲ್ಲ’ ಎಂದಿತ್ತು.

“ಇದು ಬ್ಯಾಂಡಿನವರದೇ” ಎಂದರು ಮರಾಠಿಯಲ್ಲಿ. ಮೈದುನ ನಕ್ಕ. ಅವರು ಅವನನ್ನು ದುರುಗುಟ್ಟಿ ನೋಡಿ, “ಲಗ್ನದ್ದಲ್ಲ, ಪಲಟಣದ ಬ್ಯಾಂಡು. ಇಂಥ ಕೆಂಪು ಬಟ್ಟೆ ನಾನು ಬೇರೆಲ್ಲೂ ನೋಡಿಲ್ಲ. ಆದರೆ ಆಜೀ, ನಮ್ಮಜ್ಜಂದು ಅಂತ ಮೊದಲೂ ಮಂದಿ ಬಂದಿದ್ದರು. ಏನಾದರೂ ಗುರುತು ಹೇಳಿ” ಎಂದರು.

ಮೈದುನ ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ಟೋಪಿ ಮುಟ್ಟದೆ ಕೈಕಟ್ಟಿ ನಿಂತರು.

“ನಮ್ಮಪ್ಪ ಎದಿ ಮ್ಯಾಲ ದೊಡ್ಡ ಡ್ರಮ್ ಕಟ್ಕೊಂತಿದ್ದ. ಕೊಳ್ಳಾಗ ಲಿಂಗ ಇದ್ರ ಪೆಟ್ಟು ಬೀಳಂಗಿಲ್ಲೇನು? ಅದಕ್ಕ ಬಾರಿಸೋ ಹೊತ್ತಿಗಿ ಲಿಂಗ ತಲಿ ಮ್ಯಾಲ. ನಮ್ಮವ್ವ ತನ್ನ ಇಳಕಲ್ ಸೀರಿ ಕೆಂಪು ಸೆರಗು ಕತ್ತರಿಸಿ, ಟೋಪಿ ಒಳಗ ನೆತ್ತಿಗಿ ಚೀಲ ಹೊಲದಿದ್ಲು.”

ಮೈದುನ ಅದನ್ನು ಮರಾಠಿಯಲ್ಲಿ ಹೇಳಿದ. ಫೌಜಿ ಟೋಪಿ ತಿರುಗಿಸಿದರು. ಒಳಗೆ ಬರೀ ಕಂದು ಬಟ್ಟೆಯ ಅಸ್ತರು. “ಏನೂ ಇಲ್ಲವಲ್ಲ ಆಜೀ.”

ಅತ್ತೆಯ ಮುಖ ಬಾಡಿತು. “ಇರ್ಲಿ ಬಿಡವ್ವಾ” ಎಂದ ಮೈದುನ, ಈ ಸಲ ನಗದೆ.

ನನಗೆ ಬಿಡಲು ಮನಸ್ಸಾಗಲಿಲ್ಲ. ಶಿವಾ ಎಂದು ಟೋಪಿಯೊಳಗೆ ಕೈಯಿಟ್ಟೆ. ಅಂಚಿನ ಹೊಲಿಗೆ ಕೈಯಿಂದ ಹಾಕಿದ್ದು, ನೆತ್ತಿಯ ಅಸ್ತರು ಮಾತ್ರ ಮಷೀನಿನದು. ಆಮೇಲೆ ಯಾರೋ ಹಾಕಿಸಿದ್ದು! ಬೆರಳೊತ್ತಿದರೆ ಅಡಿಯಲ್ಲಿ ದಪ್ಪಗೆ ಏನೋ ಸಿಕ್ಕಿತು. ಹೇಳಿದೆ. ಫೌಜಿಯೇ ಸಣ್ಣ ಕತ್ತರಿ ತಂದು, ಮೆಲ್ಲಗೆ ಹೊಲಿಗೆ ಬಿಚ್ಚಿದರು.

ಕೆಂಪು ಸೆರಗಿನ ಚೀಲ. ಮಾಸಿತ್ತು, ಆದರೆ ಸೆರಗಿನ ಬಿಳಿ ಪಟ್ಟಿ ಕಾಣುತ್ತಿತ್ತು. ಬೆರಳಿಗೆ ವಿಭೂತಿ ಹತ್ತಿತು.

ಫೌಜಿ ಎದ್ದು ನಿಂತು ಅತ್ತೆಗೆ ಸೆಲ್ಯೂಟ್ ಹೊಡೆದರು. ಮೈದುನ ಬಗ್ಗಿ ಅವ್ವನ ಕಾಲು ಮುಟ್ಟಿದ.

“ಈಗ ಹೇಳೋ, ಯಾರ ಮದುವಿಯಾಗ ಬಾರಿಸಿದ್ದ ನಮ್ಮಪ್ಪ?” ಎಂದರು ಅತ್ತೆ.

“ರಾಜರ ಮುಂದವ್ವಾ, ರಾಜರ ಮುಂದ!”

ಒಯ್ಯಿರಿ ಆಜೀ, ನಿಮ್ಮದೇ ಎಂದರು ಫೌಜಿ. ಅತ್ತೆ ಟೋಪಿಯನ್ನು ಕಣ್ಣಿಗೊತ್ತಿಕೊಂಡು ತಿರುಗಿ ಕೊಟ್ಟರು. “ನಮ್ಮ ಮನ್ಯಾಗ ಪೆಟಿಗ್ಯಾಗ ಬೀಳೋದು ಬ್ಯಾಡ. ಇಲ್ಲೇ ಇರ್ಲಿ, ಮಂದಿ ನೋಡ್ಲಿ. ಹೆಸರು ಮಾತ್ರ ದೊಡ್ಡದಾಗಿ ಬರೀರಿ.” ಫೌಜಿ ಚೀಟಿ ಹರಿದು ಹೊಸದು ಬರೆಯುವವರೆಗೆ ಅತ್ತೆ ಅಲ್ಲಿಂದ ಕದಲಲಿಲ್ಲ.

ಮರುದಿನ ನಾಸಿಕಕ್ಕೆ ಬಂದವರೇ ಅತ್ತೆ ಬೀದರಿನ ನೆಂಟರಿಗೆಲ್ಲ ಫೋನು ಹಚ್ಚತೊಡಗಿದರು. ದನಿ ಓಣಿಗೆಲ್ಲ ಕೇಳುವಂತಿತ್ತು. ನಾನು ಒದ್ದೆ ಬಟ್ಟೆ ಬಿಚ್ಚಿ ನೋಡಿದೆ, ಪುಂಡಿ ಬಾಡಿರಲಿಲ್ಲ. ಬೇಳೆ ತೊಳೆದು ಒಲೆಗಿಟ್ಟು, ಉಳಿದ ಎಲೆ ಬಿಡಿಸಲು ಕುಳಿತೆ.